ಪ್ರೊಫೈಲ್ ಇದೆ, ಫೀಸ್ ಕೊಡುವವರು ಬರ್ತಿಲ್ಲ: ಕಲಬುರಗಿ ಭಾಗದ ಆನ್‌ಲೈನ್ ಶಿಕ್ಷಕರು ಎಲ್ಲಿ ಎಡವುತ್ತಿದ್ದಾರೆ?

"ಎಂಎಸ್ಸಿ, ಬಿಎಡ್, ಕೆ-ಸೆಟ್ ಪಾಸ್. 9 ವರ್ಷಗಳ ಬೋಧನಾ ಅನುಭವ. ಎಲ್ಲ ವಿಷಯಗಳನ್ನೂ ಸರಳವಾಗಿ, ಮನಮುಟ್ಟುವಂತೆ ಕಲಿಸಲಾಗುವುದು. ಒಮ್ಮೆ ಅವಕಾಶ ಕೊಟ್ಟು ನೋಡಿ."

ಇದು ಮಾದರಿಗೆಂದು ನಾನೇ ಬರೆದದ್ದು. ಆದರೆ ಕಲಬುರಗಿ, ಬೀದರ್, ಯಾದಗಿರಿ ಕಡೆಯ ಶಿಕ್ಷಕರಿಗೆ ತೋರಿಸಿದರೆ ಹೆಚ್ಚಿನವರು "ಹೌದ್ರೀ, ನಂದೂ ಹಿಂಗೇ ಅದ" ಅಂತಾರೆ. ಆನ್‌ಲೈನ್ ಟ್ಯೂಷನ್ ತಾಣಗಳಲ್ಲಿ ನಮ್ಮವರ ಪರಿಚಯ ಬಹುತೇಕ ಇದೇ ಅಚ್ಚಿನಲ್ಲಿ ಇರುತ್ತದೆ. ಬರೆದದ್ದರಲ್ಲಿ ಸುಳ್ಳಿಲ್ಲ. ಓದಿದವರಿಗೆ ಅನುಮಾನವೂ ಬರುವುದಿಲ್ಲ. ಆದರೂ ಯಾರೂ ಫೋನ್ ಮಾಡುವುದಿಲ್ಲ.

ಓದಿದವರ ಕೊರತೆ ನಮ್ಮಲ್ಲಿ ಇಲ್ಲ. ಪಿಡಿಎ ಇಂಜಿನಿಯರಿಂಗ್ ಕಾಲೇಜು 1958ರಿಂದ ಇದೆ. ಗುಲಬರ್ಗಾ ವಿಶ್ವವಿದ್ಯಾಲಯ 1980ರಿಂದ ಇದೆ. 2009ರಲ್ಲಿ ಶುರುವಾದ ಕೇಂದ್ರೀಯ ವಿಶ್ವವಿದ್ಯಾಲಯ ಇರುವುದು ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ. ಹಾಗಿದ್ದರೆ ತೊಂದರೆ ಎಲ್ಲಿ? ನಮ್ಮನ್ನು ನಾವು ಪರಿಚಯಿಸಿಕೊಳ್ಳುವ ಅಭ್ಯಾಸದಲ್ಲಿ ಅನ್ನುವುದು ನನ್ನ ಅಭಿಪ್ರಾಯ. ಅತಿಥಿ ಉಪನ್ಯಾಸಕರ ಕೌನ್ಸೆಲಿಂಗ್‌ನಲ್ಲಿ ಡಿಗ್ರಿಗೆ ಇಷ್ಟು ಅಂಕ, ಉಪನ್ಯಾಸಕರ ಅರ್ಹತಾ ಪರೀಕ್ಷೆಗಳಾದ ನೆಟ್ ಅಥವಾ ಕೆ-ಸೆಟ್‌ಗೆ ಇಷ್ಟು, ಅನುಭವಕ್ಕೆ ಇಷ್ಟು ಅಂತ ಲೆಕ್ಕ ಹಾಕ್ತಾರೆ. ವರ್ಷಾನುಗಟ್ಟಲೆ ಆ ಅರ್ಜಿ ತುಂಬಿದವರು ಆನ್‌ಲೈನ್‌ಗೆ ಬಂದಾಗಲೂ ಅದೇ ಅರ್ಜಿಯನ್ನು ತುಂಬುತ್ತಾರೆ. ಅಲ್ಲಿ ಓದುವವರು ನೇಮಕಾತಿ ಅಧಿಕಾರಿಗಳು. ಇಲ್ಲಿ ಓದುವುದು ಸೇಡಂನಲ್ಲಿರುವ ಒಬ್ಬ ತಂದೆ, ದುಬೈನಲ್ಲಿರುವ ಒಬ್ಬ ತಾಯಿ, ಕೆಲಸ ಮಾಡುತ್ತಲೇ ಪಿಡಿಒ ಪರೀಕ್ಷೆಗೆ ಓದುತ್ತಿರುವ ಒಬ್ಬ ಹುಡುಗ. ಅವರು ಅಂಕ ಕೂಡಿಸುವುದಿಲ್ಲ. ತಮ್ಮ ತೊಂದರೆ ಇವರಿಗೆ ಅರ್ಥವಾಗುತ್ತಾ ಅಂತ ನೋಡ್ತಾರೆ.

ಇದು ಸಣ್ಣ ವಿಷಯ ಅಲ್ಲ. ಅತಿಥಿ ಉಪನ್ಯಾಸಕರಿಗೆ ವರ್ಷದಲ್ಲಿ ಕೆಲವು ತಿಂಗಳು ಸಂಬಳವೇ ಇರುವುದಿಲ್ಲ. ಎಂಎಸ್ಸಿ, ಬಿಎಡ್ ಮುಗಿಸಿ ಮನೆಯಲ್ಲೇ ಇರುವ ಹೆಣ್ಣುಮಕ್ಕಳು ಈ ಮೂರೂ ಜಿಲ್ಲೆಗಳಲ್ಲಿ ತುಂಬಾ ಜನ ಇದ್ದಾರೆ. ಅವರಿಗೆ ಊರು ಬಿಡದೆ ದುಡಿಯಲು ಇರುವ ಕೆಲವೇ ದಾರಿಗಳಲ್ಲಿ ಇದೂ ಒಂದು. ಅದು ನಾಲ್ಕು ಸಾಲಿನ ಕೆಟ್ಟ ಪರಿಚಯದಿಂದ ಮುಚ್ಚಿಹೋಗಬಾರದು.

ಎಲ್ಲಾ ಉಚಿತವಾಗಿ ಸಿಗುವಾಗ ದುಡ್ಡು ಯಾಕೆ ಕೊಡ್ತಾರೆ?

ಮೊದಲು ಈ ಪ್ರಶ್ನೆಗೆ ಉತ್ತರ ಬೇಕು. ಯೂಟ್ಯೂಬ್‌ನಲ್ಲಿ ಕೆಪಿಎಸ್‌ಸಿ ಪಾಠ ಇದೆ, ಪಿಯುಸಿ ಗಣಿತ ಇದೆ, ಸ್ಪೋಕನ್ ಇಂಗ್ಲಿಷ್ ಇದೆ. ಸರ್ಕಾರದ ದೀಕ್ಷಾ, ಸ್ವಯಂ ವೇದಿಕೆಗಳಲ್ಲೂ ಪಾಠಗಳಿವೆ. ಈಗ ಚಾಟ್‌ಜಿಪಿಟಿ ಬೇರೆ ಬಂದಿದೆ. ಅಮೆರಿಕದ ಚೆಗ್ ಕಂಪನಿ ವಿದ್ಯಾರ್ಥಿಗಳ ಪ್ರಶ್ನೆಗಳಿಗೆ ತಜ್ಞರಿಂದ ಉತ್ತರ ಬರೆಸಿ ಮಾರುತ್ತಿತ್ತು. ಚಾಟ್‌ಜಿಪಿಟಿಯಿಂದ ಹೊಸ ಗ್ರಾಹಕರು ಬರುವುದು ಕಡಿಮೆಯಾಗಿದೆ ಅಂತ 2023ರ ಮೇ ತಿಂಗಳಲ್ಲಿ ಅದು ಹೇಳಿತು. ಒಂದೇ ದಿನದಲ್ಲಿ ಅದರ ಷೇರು ಬೆಲೆ ಸುಮಾರು ಅರ್ಧಕ್ಕೆ ಇಳಿಯಿತು. ಬರೀ ಮಾಹಿತಿಗೆ, ಬರೀ ಉತ್ತರಕ್ಕೆ ಇನ್ನು ಬೆಲೆ ಸಿಗುವುದು ಕಷ್ಟ.

ಹಾಗಾದರೆ ಯಾವುದಕ್ಕೆ ಬೆಲೆ ಇದೆ? ನನ್ನ ಲೆಕ್ಕದಲ್ಲಿ ಎರಡು ಸಂಗತಿಗೆ. ಒಂದು, ತಪ್ಪು ಹಿಡಿಯುವುದು. ವೀಡಿಯೊ ಪಾಠ ಎಷ್ಟೇ ಚೆನ್ನಾಗಿದ್ದರೂ ಈ ಹುಡುಗಿ ಲೆಕ್ಕದ ಮೂರನೇ ಹೆಜ್ಜೆಯಲ್ಲಿ ಪ್ರತಿ ಸಲ ಮೈನಸ್ ಚಿಹ್ನೆ ಬಿಡ್ತಾಳೆ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಆ ಪಾಠ ಎಲ್ಲರಿಗೂ ಒಂದೇ. ಎರಡು, ಗಡುವು. ಮಂಗಳವಾರ ಸಂಜೆ 7 ಗಂಟೆಗೆ ಒಬ್ಬರು ಕಾಯ್ತಿರ್ತಾರೆ ಅಂತ ಗೊತ್ತಿದ್ದರೆ ಸೋಮವಾರ ರಾತ್ರಿ ಪುಸ್ತಕ ತೆಗೆಯುತ್ತೇವೆ. ಇಲ್ಲದಿದ್ದರೆ ಇಲ್ಲ. ಉಚಿತ ಪಾಠ ಅರ್ಧಕ್ಕೆ ನಿಲ್ಲುವುದಕ್ಕೆ ಮುಖ್ಯ ಕಾರಣ ಇದೇ ಅಲ್ವಾ?

ಈಗ ಮೇಲಿನ ಮಾದರಿ ಪ್ರೊಫೈಲ್ ಮತ್ತೆ ಓದಿ. "ಎಲ್ಲ ವಿಷಯಗಳನ್ನೂ ಸರಳವಾಗಿ ಕಲಿಸಲಾಗುವುದು." ಯೂಟ್ಯೂಬ್ ಕೊಡುವುದೂ ಅದನ್ನೇ, ಅದೂ ಉಚಿತವಾಗಿ. ಜನ ಯಾವುದಕ್ಕೆ ದುಡ್ಡು ಕೊಡಲು ಸಿದ್ಧರಿದ್ದಾರೋ, ಆ ತಪ್ಪು ಹಿಡಿಯುವ ಕಣ್ಣು ಮತ್ತು ಗಡುವು, ಅದರ ಬಗ್ಗೆ ಒಂದು ಮಾತೂ ಇಲ್ಲ.

ಭಯದ ಮಾತನ್ನೂ ಮರೆಯಬಾರದು. ಆನ್‌ಲೈನ್ ಕೋರ್ಸ್‌ಗೆ ವರ್ಷದ ಫೀಸ್ ಒಟ್ಟಿಗೆ ಕಟ್ಟಿ, ಸಾಲ ಮಾಡಿ ಕಂತು ಕಟ್ಟಿ, ಕೊನೆಗೆ ಪೇಚಾಡಿದ ಪೋಷಕರ ಕಥೆಗಳು ದೇಶದ ತುಂಬಾ ಇವೆ. ಒಂದು ಕಾಲಕ್ಕೆ ದೇಶದ ಅತಿ ದೊಡ್ಡ ಆನ್‌ಲೈನ್ ಕಲಿಕಾ ಕಂಪನಿಯಾಗಿದ್ದ ಬೈಜೂಸ್ ಮೇಲೆ 2024ರ ಜುಲೈನಲ್ಲಿ ದಿವಾಳಿ ಪ್ರಕ್ರಿಯೆ ಶುರುವಾಯಿತು. ಕಲಬುರಗಿಗೆ ಇನ್ನೊಂದು ನೋವಿನ ನೆನಪೂ ಇದೆ. 2022ರಲ್ಲಿ ಬಯಲಾದ ಪಿಎಸ್‌ಐ ನೇಮಕಾತಿ ಹಗರಣದ ತನಿಖೆ ನಮ್ಮ ಊರಿನ ಪರೀಕ್ಷಾ ಕೇಂದ್ರಕ್ಕೇ ಬಂದು ನಿಂತಿತು. ಪ್ರಾಮಾಣಿಕವಾಗಿ ಓದಿದ ಹುಡುಗರು ಮರುಪರೀಕ್ಷೆ ಬರೆಯಬೇಕಾಯಿತು. ಇಷ್ಟೆಲ್ಲ ನೋಡಿದವರ ಮುಂದೆ "ನೂರಕ್ಕೆ ನೂರು ಗ್ಯಾರಂಟಿ", "ಆಯ್ಕೆ ಖಚಿತ" ಅಂತ ಬರೆದರೆ ಅವರು ಹಿಂದೆ ಸರಿಯುತ್ತಾರೆ. ಕಾನೂನು ಕೂಡ ಅದರ ಪರ ಇಲ್ಲ. ಕೋಚಿಂಗ್ ಕ್ಷೇತ್ರದ ದಾರಿ ತಪ್ಪಿಸುವ ಜಾಹೀರಾತು ತಡೆಯಲು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಆಯ್ಕೆ ಗ್ಯಾರಂಟಿ ಅಂತ ಹೇಳಬಾರದು. ಪಾಸಾದವರ ಹೆಸರು, ಫೋಟೋ ಹಾಕಬೇಕಾದರೆ ಫಲಿತಾಂಶ ಬಂದ ಮೇಲೆ ಅವರ ಲಿಖಿತ ಒಪ್ಪಿಗೆ ಪಡೆಯಬೇಕು. ಇದನ್ನು ಬರೆದದ್ದು ಮುಖ್ಯವಾಗಿ ಕೋಚಿಂಗ್ ಸೆಂಟರ್‌ಗಳಿಗೆ. ಆದರೆ ಮನೆಯಿಂದ ಕಲಿಸುವ ಒಬ್ಬ ಶಿಕ್ಷಕಿಗೂ ಇದೇ ಒಳ್ಳೆಯ ಅಳತೆ.

ಯಾರಿಗೆ ಕಲಿಸ್ತೀರಿ ಅನ್ನುವುದೇ ಮೊದಲ ಸಾಲು

ನಮ್ಮ ಭಾಗದ ಶಿಕ್ಷಕರಿಗೆ ಬೇರೆಯವರಿಗೆ ಸುಲಭವಾಗಿ ಸಿಗದ ಒಂದು ಬಲ ಇದೆ. ಇಲ್ಲಿನ ಕಲಿಯುವವರ ಕಷ್ಟ ಅವರಿಗೆ ಒಳಗಿನಿಂದ ಗೊತ್ತು. ಅದನ್ನೇ ಅವರು ಬರೆಯುವುದಿಲ್ಲ.

ಪಿಯು ವಿಜ್ಞಾನವನ್ನೇ ನೋಡೋಣ. ಚಿತ್ತಾಪುರದ ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿದ ಹುಡುಗಿ ಕಲಬುರಗಿಗೆ ಬಂದು ಪಿಯು ವಿಜ್ಞಾನಕ್ಕೆ ಸೇರುತ್ತಾಳೆ. ಜೂನ್ ತಿಂಗಳಲ್ಲಿ ಪುಸ್ತಕ ಪೂರ್ತಿ ಇಂಗ್ಲಿಷ್ ಆಗುತ್ತದೆ. ಪ್ರತಿಫಲನ, ವಕ್ರೀಭವನ ಅಂತ ಚೆನ್ನಾಗಿ ಕಲಿತವಳಿಗೆ ರಿಫ್ಲೆಕ್ಷನ್, ರಿಫ್ರ್ಯಾಕ್ಷನ್ ಒಂದರೊಳಗೊಂದು ಬೆರೆತು ಹೋಗುತ್ತವೆ. ವಿಷಯ ಗೊತ್ತಿದೆ, ಆದರೆ ಪ್ರಶ್ನೆ ಏನು ಕೇಳ್ತಿದೆ ಅಂತ ಗೊತ್ತಾಗುವುದಿಲ್ಲ. ಮೊದಲ ಕಿರುಪರೀಕ್ಷೆಯಲ್ಲಿ ಅಂಕ ಕಡಿಮೆಯಾದ ಕೂಡಲೇ ಇಂಥ ಮಕ್ಕಳು "ಸೈನ್ಸ್ ನನ್ನಿಂದ ಆಗಲ್ಲ" ಅಂತ ಕಲಾ ವಿಭಾಗಕ್ಕೆ ಹೋಗಿಬಿಡುತ್ತಾರೆ. ಈ ಕಷ್ಟವನ್ನು ಬೆಂಗಳೂರಿನ ದೊಡ್ಡ ಆ್ಯಪ್‌ಗಳು ಗಮನಿಸಿಲ್ಲ. ಅವು ಶುರು ಮಾಡುವುದೇ ಇಂಗ್ಲಿಷ್ ಬಲ್ಲ ಮಗುವಿನಿಂದ. ಇದೇ ದಾರಿಯಲ್ಲಿ ನಡೆದು ಬಂದ ನಮ್ಮ ಎಂಎಸ್ಸಿ ಓದಿದವರು ಇದನ್ನು ಚೆನ್ನಾಗಿ ಬಲ್ಲರು. ಅವರ ಪ್ರೊಫೈಲ್‌ನ ಮೊದಲ ಸಾಲು ಹೀಗಿರಬಹುದು:

"ಕನ್ನಡ ಮಾಧ್ಯಮದಲ್ಲಿ ಓದಿ ಈಗ ಪಿಯು ಸೈನ್ಸ್‌ಗೆ ಬಂದಿದ್ದೀರಾ? ಫಿಸಿಕ್ಸ್ ಪ್ರಶ್ನೆಯ ಇಂಗ್ಲಿಷೇ ಅರ್ಥವಾಗ್ತಿಲ್ವಾ? ಮೊದಲ ಆರು ವಾರ ಎರಡೂ ಭಾಷೆಯಲ್ಲಿ ಕಲಿಸ್ತೇನೆ. ಆಮೇಲೆ ನಿಧಾನವಾಗಿ ಇಂಗ್ಲಿಷ್ ಪ್ರಶ್ನೆಪತ್ರಿಕೆಗೆ ಹೋಗೋಣ. ಪ್ರತಿ ಕ್ಲಾಸ್‌ನಲ್ಲಿ ನೀವು ಬಿಡಿಸಿದ ಲೆಕ್ಕವನ್ನು ನಾನು ನೋಡಿ ತಿದ್ದುತ್ತೇನೆ."

ಡಿಗ್ರಿ ಎಲ್ಲಿ ಹೋಯಿತು? ಕೆಳಗೆ, ಒಂದೇ ಸಾಲಲ್ಲಿ. ಅದು ಬೇಕು, ಆದರೆ ಓದುವವರು ನಿಂತು ನೋಡುವುದು ಮೇಲಿನ ಸಾಲಿಗೆ.

ಇಂಥ ಬೇಡಿಕೆ ಇದೆಯಾ ಅಂತ ಅನುಮಾನ ಬೇಡ. 2024ರ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ಯಾದಗಿರಿ ಜಿಲ್ಲೆ 50.59 ಶೇಕಡಾ ಪಡೆದು ರಾಜ್ಯದಲ್ಲೇ ಕೊನೆಗೆ ನಿಂತಿತು. 2025ರಲ್ಲಿ ಕಲಬುರಗಿ 42.43 ಶೇಕಡಾದೊಂದಿಗೆ ಕೊನೆಯ ಸ್ಥಾನಕ್ಕೆ ಬಂತು. ಈ ಅಂಕಿ ಓದಿದಾಗ ಸಂಕಟ ಆಗುತ್ತದೆ. ಪ್ರತಿ ವರ್ಷ ಮಕ್ಕಳ ಹೆಸರಲ್ಲಿ ಈ ಪಟ್ಟಿ ಬರುತ್ತದೆ, ಆದರೆ ಖಾಲಿ ಇರುವ ಶಿಕ್ಷಕರ ಹುದ್ದೆಗಳ ಬಗ್ಗೆ ಅಷ್ಟೇ ಜೋರಾಗಿ ಯಾರೂ ಮಾತಾಡುವುದಿಲ್ಲ. ಟ್ಯೂಷನ್ ಇದಕ್ಕೆ ಪರಿಹಾರ ಅಂತ ನಾನು ಹೇಳುತ್ತಿಲ್ಲ. ಶಾಲೆ ಸರಿ ಹೋಗಬೇಕು. ಆದರೆ ಮೊದಲ ಪರೀಕ್ಷೆಯಲ್ಲಿ ಫೇಲಾಗಿ ಪರೀಕ್ಷೆ-2ಕ್ಕೆ ಕೂರುವ ಹುಡುಗನಿಗೆ ಗಣಿತದಲ್ಲಿ ಪಾಸಾಗುವಷ್ಟು ಹಿಡಿತ ಕೊಡುವ ಶಿಕ್ಷಕರನ್ನು ಅವನ ಮನೆಯವರು ಈಗಲೇ ಹುಡುಕುತ್ತಿದ್ದಾರೆ. ಅವರಿಗೆ "ಎಲ್ಲ ವಿಷಯ" ಬೇಡ. "ಎಸ್‌ಎಸ್‌ಎಲ್‌ಸಿ ಪರೀಕ್ಷೆ-2, ಗಣಿತ ಮಾತ್ರ" ಅಂತ ಬರೆದವರ ಹತ್ತಿರ ಬರುತ್ತಾರೆ.

ಸ್ಪರ್ಧಾತ್ಮಕ ಪರೀಕ್ಷೆಯಲ್ಲೂ ಇದೇ ಮಾತು. ಸಂವಿಧಾನಕ್ಕೆ 98ನೇ ತಿದ್ದುಪಡಿಯ ಮೂಲಕ ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ 371(ಜೆ) ಬಂದ ಮೇಲೆ ನೇಮಕಾತಿ ಅಧಿಸೂಚನೆಗಳಲ್ಲಿ ಕಲ್ಯಾಣ ಕರ್ನಾಟಕ ವೃಂದದ ಹುದ್ದೆ ಬೇರೆ, ರಾಜ್ಯದ ಉಳಿದ ಭಾಗದ, ಅಂದರೆ ಉಳಿಕೆ ವೃಂದದ ಹುದ್ದೆ ಬೇರೆ ಇರುತ್ತವೆ. ಸಹಾಯಕ ಆಯುಕ್ತರಿಂದ ಅರ್ಹತಾ ಪ್ರಮಾಣಪತ್ರ ತರಬೇಕು. ಯಾವ ವೃಂದಕ್ಕೆ ಅರ್ಜಿ ಹಾಕಬೇಕು ಅಂತ ಗೊಂದಲ ಆಗುತ್ತದೆ. ರಾಜ್ಯಕ್ಕೆಲ್ಲ ಒಂದೇ ಪಾಠ ಮಾಡುವ ಚಾನೆಲ್ ಇದಕ್ಕೆ ಹೆಚ್ಚು ಸಮಯ ಕೊಡುವುದಿಲ್ಲ. ಕಲಬುರಗಿಯ ತರಬೇತುದಾರರು ಕೊಡಬಹುದು, ಅದನ್ನು ಪ್ರೊಫೈಲ್‌ನಲ್ಲೇ ಹೇಳಬಹುದು.

ಬೀದರ್‌ಗೆ ಬಂದರೆ ಇನ್ನೊಂದು ದಾರಿ ಕಾಣುತ್ತದೆ. ಅಲ್ಲಿ ಉರ್ದು ಮಾಧ್ಯಮದಲ್ಲಿ, ಔರಾದ್, ಭಾಲ್ಕಿ, ಬಸವಕಲ್ಯಾಣದ ಕಡೆ ಮರಾಠಿ ಮಾಧ್ಯಮದಲ್ಲಿ ಓದಿದವರು ಇದ್ದಾರೆ. ಕೆಪಿಎಸ್‌ಸಿ ನೇಮಕಾತಿಗಳಲ್ಲಿ ಕಡ್ಡಾಯ ಕನ್ನಡ ಪರೀಕ್ಷೆ ಇದೆ. ಮನೆಯಲ್ಲಿ ದಖನಿ ಉರ್ದು ಆಡುವ ಹುಡುಗನಿಗೆ ಕನ್ನಡದ ಪತ್ರಲೇಖನ, ಪ್ರಬಂಧ ಕಲಿಸಲು ಬರೀ ಕನ್ನಡ ಪಂಡಿತರಾದರೆ ಸಾಲದು. ಅವನ ಭಾಷೆಯಿಂದ ಕನ್ನಡಕ್ಕೆ ಕೈ ಹಿಡಿದು ಕರೆತರುವವರು ಬೇಕು. ಉರ್ದು ಮತ್ತು ಕನ್ನಡ ಎರಡನ್ನೂ ಓದಿ ಬರೆಯಬಲ್ಲ ಶಿಕ್ಷಕರು ಬೀದರ್‌ನಲ್ಲಿ ಸಿಗುವಷ್ಟು ಸುಲಭವಾಗಿ ಮೈಸೂರಲ್ಲಿ ಸಿಗುವುದಿಲ್ಲ. ಆದರೆ ಇವರೇ ಪ್ರೊಫೈಲ್‌ನಲ್ಲಿ "ಭಾಷೆಗಳು: ಕನ್ನಡ, ಇಂಗ್ಲಿಷ್" ಅಂತ ಬರೆದು ಸುಮ್ನೆ ಇರುತ್ತಾರೆ. ಉರ್ದು, ಮರಾಠಿ, ತೆಲುಗು, ಹಿಂದಿ ಯಾವುದು ಬರುತ್ತದೋ ಎಲ್ಲವನ್ನೂ ಬರೆಯಿರಿ. ಇದು ನಮ್ಮ ನೆಲದ ದೊಡ್ಡ ಆಸ್ತಿ.

ಹೊರಗಿನವರಿಗೆ ಕನ್ನಡ ಕಲಿಸುವುದೂ ಹೀಗೇ. ಬೆಂಗಳೂರಿನ ಐಟಿ ಉದ್ಯೋಗಿಗೆ ಕಲಿಸುವವರು ಬಹಳ ಇದ್ದಾರೆ. ಉತ್ತರ ಭಾರತದಿಂದ ಕಲಬುರಗಿಯ ಬ್ಯಾಂಕಿಗೆ ವರ್ಗವಾಗಿ ಬಂದವರಿಗೆ, "ಏನ್ ಮಾಡ್ಲಿಕತ್ತೀರಿ" ಅಂದರೆ ಏನು ಅಂತ ಹೇಳಿಕೊಡುವವರು ಎಷ್ಟು ಜನ? ನಮ್ಮ ಕಡೆಯ ಮಾತನ್ನು ಮುಚ್ಚಿಟ್ಟುಕೊಳ್ಳುವ ಅಭ್ಯಾಸ ಬಿಡಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ. ವಿದೇಶದಲ್ಲಿರುವ ಲಿಂಗಾಯತ ಕುಟುಂಬದ ಮಕ್ಕಳಿಗೆ ವಚನ ಓದಿಸಿ ಅರ್ಥ ಹೇಳಲು ಬಸವಕಲ್ಯಾಣದಿಂದ ಒಬ್ಬರು ಕೂತರೆ ಆ ಪಾಠಕ್ಕೆ ಬೇರೆಯದೇ ತೂಕ ಬರುತ್ತದೆ.

ಕರಕುಶಲಕ್ಕೆ ಸ್ವಲ್ಪ ಬೇರೆ ಲೆಕ್ಕ. ಲೋಹದಲ್ಲಿ ಬೆಳ್ಳಿ ಕೂರಿಸುವ ಬಿದರಿ ಕಲೆಗೆ 2006ರಲ್ಲಿ ಭೌಗೋಳಿಕ ಗುರುತು (ಜಿಐ) ಸಿಕ್ಕಿತು. 2023ರಲ್ಲಿ ಬೀದರ್‌ನ ಬಿದರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಸತು ಮತ್ತು ತಾಮ್ರ ಕರಗಿಸಿ ಎರಕ ಹೊಯ್ಯುವುದು, ಕೊನೆಗೆ ಕೋಟೆಯ ಮಣ್ಣಿನಿಂದ ಕಪ್ಪು ಬಣ್ಣ ಬರಿಸುವುದು ಪರದೆಯ ಮೇಲೆ ಕಲಿಸುವಂಥದ್ದಲ್ಲ. ಆದರೆ ವಿನ್ಯಾಸ ಬರೆಯುವುದು, ಹೂಬಳ್ಳಿಯ ನಮೂನೆಗಳ ಕಟ್ಟು, ಬೆಳ್ಳಿ ತಂತಿ ಕೂರಿಸುವ ಮೊದಲ ಹೆಜ್ಜೆಗಳು, ಅಸಲಿ ಬಿದರಿಯನ್ನು ಗುರುತಿಸುವುದು, ಇವನ್ನು ಕಲಿಸಬಹುದು. ಡಿಸೈನ್ ಕಾಲೇಜಿನ ವಿದ್ಯಾರ್ಥಿಗಳು, ಕಲಾ ಸಂಗ್ರಹಕಾರರು ಇಂಥ ಒಂದೂವರೆ ಗಂಟೆಯ ಪಾಠಕ್ಕೆ ದುಡ್ಡು ಕೊಡಬಲ್ಲರು. ಇಲ್ಲಿ ಪ್ರೊಫೈಲ್ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು: ಏನನ್ನು ಆನ್‌ಲೈನ್‌ನಲ್ಲಿ ಕಲಿಸುತ್ತೇನೆ, ಯಾವುದಕ್ಕೆ ಬೀದರ್‌ಗೇ ಬರಬೇಕು.

ವೀಡಿಯೊದಲ್ಲಿ ಪರಿಚಯ ಬೇಡ, ಪಾಠ ಮಾಡಿ

ಹಲವು ತಾಣಗಳು ಪರಿಚಯ ವೀಡಿಯೊ ಕೇಳುತ್ತವೆ. ಹಲವು ದೇಶಗಳವರು ಬಳಸುವ ಟ್ಯೂಷನ್ ತಾಣ ಪ್ರೆಪ್ಲಿಯಲ್ಲಿ ಅದು ಅರ್ಧ ನಿಮಿಷದಿಂದ ಎರಡು ನಿಮಿಷದೊಳಗೆ ಇರಬೇಕು. ನಮ್ಮವರು ಆ ಎರಡು ನಿಮಿಷವನ್ನೂ ಹುಟ್ಟಿದ ಊರು, ಓದಿದ ಕಾಲೇಜು ಹೇಳುತ್ತಾ ಕಳೆಯುತ್ತಾರೆ. ಅದರ ಬದಲು ಒಂದು ಚಿಕ್ಕ ತಪ್ಪನ್ನು ತೆಗೆದುಕೊಳ್ಳಿ. "ಈ ಲೆಕ್ಕದಲ್ಲಿ ಹೆಚ್ಚಿನವರು ಇಲ್ಲಿ ಎಡವುತ್ತಾರೆ, ನೋಡಿ" ಅಂತ ಶುರು ಮಾಡಿ. ಯಾಕೆ ಎಡವುತ್ತಾರೆ ಅಂತ ಒಂದು ನಿಮಿಷದಲ್ಲಿ ತೋರಿಸಿ. ವೈದ್ಯರು ಎಲ್ಲಿ ನೋವು ಅಂತ ಸರಿಯಾದ ಜಾಗಕ್ಕೇ ಬೆರಳಿಟ್ಟಾಗ ಬರುವ ನಂಬಿಕೆ ಇಲ್ಲೂ ಬರುತ್ತದೆ. ಮೊದಲ ಕ್ಲಾಸ್ ಹೇಗಿರುತ್ತದೆ ಅಂತ ದುಡ್ಡು ಕೊಡುವ ಮೊದಲೇ ಅವರು ನೋಡಿದ ಹಾಗಾಯಿತು.

ಕ್ಯಾಮೆರಾ ಸಾಧಾರಣ ಇದ್ದರೂ ನಡೆಯುತ್ತದೆ, ಧ್ವನಿ ಕೆಟ್ಟರೆ ನಡೆಯುವುದಿಲ್ಲ. ನಮ್ಮ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಫ್ಯಾನ್, ಕೂಲರ್ ಇಲ್ಲದೆ ಕೂರಲು ಆಗುವುದಿಲ್ಲ. ಆದರೆ ಕೂಲರ್ ಸದ್ದು ಧ್ವನಿಯನ್ನು ನುಂಗಿಬಿಡುತ್ತದೆ. ಬೆಳಗ್ಗೆ ಆರು ಗಂಟೆಗೆ, ಫ್ಯಾನ್ ಆರಿಸಿ, ಕಿಟಕಿಯ ಬೆಳಕು ಮುಖಕ್ಕೆ ಬೀಳುವಂತೆ ಕೂತು, ಫೋನ್ ಅಡ್ಡ ಹಿಡಿದು ಮಾಡಿ. ಕಿವಿಗೆ ಹಾಕುವ ಸಾಮಾನ್ಯ ವೈರ್ ಮೈಕ್ ಸಾಕು.

ಹೆಸರಿನ ವಿಷಯವೂ ಚಿಕ್ಕದಲ್ಲ. 2014ರಲ್ಲಿ ಗುಲಬರ್ಗಾ ಕಲಬುರಗಿ ಆಯಿತು. ಆದರೆ ಹಳೆಯ ಹೆಸರಲ್ಲೇ ಹುಡುಕುವವರು ಈಗಲೂ ಇದ್ದಾರೆ. ಎರಡೂ ಹೆಸರು ಇರಲಿ, ಕನ್ನಡ ಲಿಪಿಯಲ್ಲೂ ಇಂಗ್ಲಿಷ್ ಲಿಪಿಯಲ್ಲೂ ಇರಲಿ.

ಮತ್ತೊಂದು ಮಾತು. ಪರಿಚಯವನ್ನು ಚಾಟ್‌ಜಿಪಿಟಿಯಿಂದ ಬರೆಸಿ ಹಾಗೇ ಅಂಟಿಸಬೇಡಿ. ಎಲ್ಲರೂ ಅದನ್ನೇ ಮಾಡಿ ಎಲ್ಲ ಪ್ರೊಫೈಲ್‌ಗಳೂ ಒಂದೇ ಥರ ಕಾಣುತ್ತಿವೆ. ಕಾಗುಣಿತ ತಿದ್ದಿಸಿಕೊಳ್ಳಿ, ಅಷ್ಟು ಸಾಕು.

ಫೀಸ್ ಲೆಕ್ಕ

ತಾಣಗಳ ಕಮಿಷನ್ ಗೊತ್ತಿಲ್ಲದೆ ಫೀಸ್ ಇಟ್ಟರೆ ಪೆಟ್ಟು ಬೀಳುತ್ತದೆ. ಪ್ರೆಪ್ಲಿಯ ಪದ್ಧತಿ ನೋಡಿ. ಹೊಸ ವಿದ್ಯಾರ್ಥಿಯ ಮೊದಲ ಟ್ರಯಲ್ ಕ್ಲಾಸ್‌ನ ಪೂರ್ತಿ ಹಣ ತಾಣಕ್ಕೆ ಹೋಗುತ್ತದೆ. ಆಮೇಲೆ ಶುರುವಿನ ಗಂಟೆಗಳಲ್ಲಿ 33 ಶೇಕಡಾ ಕಮಿಷನ್. ಕಲಿಸಿದ ಗಂಟೆ ಹೆಚ್ಚಾದಂತೆ ಅದು ಇಳಿದು, 400 ಗಂಟೆ ದಾಟಿದ ಮೇಲೆ 18 ಶೇಕಡಾ ಆಗುತ್ತದೆ. ಗಂಟೆಗೆ 10 ಡಾಲರ್ ಇಟ್ಟರೆ ಶುರುವಿನಲ್ಲಿ ಕೈಗೆ ಬರುವುದು 6 ಡಾಲರ್ 70 ಸೆಂಟ್.

ಈಗ ಎರಡು ಪ್ರೊಫೈಲ್ ಊಹಿಸಿಕೊಳ್ಳಿ. "ಎಲ್ಲರಿಗೂ ಎಲ್ಲಾ ಕಲಿಸುತ್ತೇನೆ" ಅನ್ನುವವರ ಹತ್ತಿರ 10 ಜನ ಟ್ರಯಲ್‌ಗೆ ಬಂದು ಒಬ್ಬರು ಉಳಿದರು ಅಂದರೆ, 10 ಕ್ಲಾಸ್ ಬಿಟ್ಟಿಯಾಗಿ ಮಾಡಿದ ಹಾಗಾಯಿತು. "ಕಲಬುರಗಿಗೆ ವರ್ಗವಾಗಿ ಬಂದ ಬ್ಯಾಂಕ್ ನೌಕರರಿಗೆ ಮಾತಾಡುವ ಕನ್ನಡ" ಅಂತ ಬರೆದವರ ಹತ್ತಿರ ನಾಲ್ಕೇ ಜನ ಬಂದು ಇಬ್ಬರು ಉಳಿದರೆ ಅವರದ್ದೇ ಲಾಭ. ಪರಿಚಯ ನಿಖರವಾಗಿದ್ದರೆ ಸುಮ್ನೆ ನೋಡಲು ಬರುವವರು ಕಡಿಮೆಯಾಗುತ್ತಾರೆ. ಬೇಕಾದವರು ಮಾತ್ರ ಬರುತ್ತಾರೆ. ಜಾಸ್ತಿ ಜನ ನೋಡಿದರೆ ಸಾಕು ಅನ್ನುವ ಯೋಚನೆ ತಪ್ಪಾಗುವುದು ಇಲ್ಲೇ.

ರೆಕಾರ್ಡ್ ಮಾಡಿದ ಕೋರ್ಸ್ ಮಾರುವ ಉಡೆಮಿಯಲ್ಲಿ ಲೆಕ್ಕ ಬೇರೆ. ತಾಣವೇ ಗ್ರಾಹಕರನ್ನು ತಂದುಕೊಟ್ಟರೆ ಶಿಕ್ಷಕರಿಗೆ 37 ಶೇಕಡಾ. ನಿಮ್ಮದೇ ಕೂಪನ್ ಅಥವಾ ಲಿಂಕ್‌ನಿಂದ ಬಂದರೆ 97 ಶೇಕಡಾ. 499 ರೂಪಾಯಿಯ ಕೋರ್ಸ್‌ಗೆ ಒಂದು ಕಡೆ ಸುಮಾರು 185 ರೂಪಾಯಿ, ಇನ್ನೊಂದು ಕಡೆ ಸುಮಾರು 484, ತೆರಿಗೆ ಕಳೆಯುವ ಮೊದಲು. ನಿಮ್ಮ ಹಳೆಯ ವಿದ್ಯಾರ್ಥಿಗಳ ವಾಟ್ಸ್ಆ್ಯಪ್ ಗುಂಪಿನ ಬೆಲೆ ಎಷ್ಟು ಅಂತ ಇದರಿಂದಲೇ ಗೊತ್ತಾಗುತ್ತದೆ.

ಊರಿನ ವಿದ್ಯಾರ್ಥಿಗಳಿಗೆ ನೇರವಾಗಿ ಕಲಿಸಿ ಯುಪಿಐನಲ್ಲಿ ಫೀಸ್ ಪಡೆಯುವವರು ಕಮಿಷನ್ ಇಲ್ಲದೆ ಉಳಿಯುತ್ತಾರೆ. ಆದರೆ ನಂಬಿಕೆಯನ್ನು ಅವರೇ ಕಟ್ಟಬೇಕು. ವರ್ಷದ ಫೀಸ್ ಒಟ್ಟಿಗೆ ಕೇಳಬೇಡಿ. ನಾಲ್ಕು ಕ್ಲಾಸ್‌ಗೆ ಒಂದು ಕಂತು ಇಡಿ. ಬೇಡ ಅನಿಸಿದರೆ ಉಳಿದ ಹಣ ವಾಪಸ್ ಅಂತ ಬರೆದು, ಹಾಗೇ ನಡೆದುಕೊಳ್ಳಿ. ಗಂಟೆಗೆ ನೂರು ರೂಪಾಯಿ ಇಟ್ಟರೆ ಜನ ಬರ್ತಾರೆ ಅನ್ನುವವರಿಗೆ ನನ್ನ ಮಾತು ಒಂದೇ. ಅಷ್ಟು ಕಡಿಮೆ ಇಟ್ಟರೆ ಇವರಿಗೆ ಬೇರೆ ಕೆಲಸ ಸಿಗಲಿಲ್ಲವೇನೋ ಅಂತ ನೋಡುವವರು ಅಂದುಕೊಳ್ಳುತ್ತಾರೆ. ನಿಮಗೂ ತಯಾರಿ ಮಾಡುವ ಉತ್ಸಾಹ ಉಳಿಯುವುದಿಲ್ಲ. ಬಡ ಮಗುವಿಗೆ ಕಡಿಮೆ ಮಾಡಬೇಕು ಅನಿಸಿದರೆ ಆ ಮಗುವಿಗೆ ಮಾಡಿ, ಪ್ರೊಫೈಲ್‌ನಲ್ಲಿ ಹಾಕಿದ ಫೀಸ್‌ನಲ್ಲಿ ಅಲ್ಲ.

ವಿದೇಶದವರಿಗೆ ಕಲಿಸುವವರು ಗಡಿಯಾರ ನೋಡಬೇಕು. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ನಮ್ಮ ರಾತ್ರಿ 8 ಅಲ್ಲಿ ಸಂಜೆ 6.30, ಮಕ್ಕಳಿಗೆ ಒಳ್ಳೆಯ ಹೊತ್ತು. ನ್ಯೂಯಾರ್ಕ್‌ನ ಸಂಜೆ 7 ಅಂದರೆ ನಮಗೆ ಚಳಿಗಾಲದಲ್ಲಿ ಬೆಳಗಿನ 5.30, ಅವರು ಗಡಿಯಾರ ಮುಂದೆ ಮಾಡಿಕೊಂಡಾಗ 4.30. ಎದ್ದು ಕೂರಲು ಆಗುವವರು ಮಾತ್ರ ಆ ಸಮಯ ತೆರೆಯಿರಿ. ಕರೆಂಟ್ ಹೋಗುವ ಹೊತ್ತು ಗೊತ್ತಿದ್ದರೆ ಆ ಹೊತ್ತನ್ನು ಮುಚ್ಚಿಡಿ. ಕ್ಲಾಸ್ ತಪ್ಪಿದರೆ ರೇಟಿಂಗ್ ಬೀಳುತ್ತದೆ, ಕರೆಂಟ್ ಕಾರಣ ಅಂತ ಅಲ್ಲಿ ಯಾರೂ ಕೇಳುವುದಿಲ್ಲ.

ರಿವ್ಯೂ ಮತ್ತು ನಿಯಮ

ಮೊದಲ ರಿವ್ಯೂಗಳೇ ಕಷ್ಟ. ಅಣ್ಣ, ತಮ್ಮ, ಗೆಳೆಯರಿಂದ ಐದೈದು ಸ್ಟಾರ್ ಹಾಕಿಸುವುದು ನಮ್ಮಲ್ಲಿ ಮಾಮೂಲಿ ಆಗಿದೆ. ಇದು ತಪ್ಪು. ಆನ್‌ಲೈನ್ ರಿವ್ಯೂ ಹೇಗಿರಬೇಕು ಅಂತ ಭಾರತೀಯ ಮಾನಕ ಸಂಸ್ಥೆ 2022ರಲ್ಲಿ ಐಎಸ್ 19000 ಅನ್ನುವ ಮಾನದಂಡವನ್ನೇ ತಂದಿದೆ. ಸುಳ್ಳು ರಿವ್ಯೂಗಳು ಓದಿದ ಕೂಡಲೇ ಗೊತ್ತಾಗುತ್ತವೆ: "ಸೂಪರ್ ಸರ್", "ಬೆಸ್ಟ್ ಟೀಚರ್". ಇವುಗಳಿಂದ ಒಬ್ಬರೂ ಫೀಸ್ ಕಟ್ಟುವುದಿಲ್ಲ. ಅದಕ್ಕಿಂತ ಮೂರು ಜನ ನಿಜವಾದ ವಿದ್ಯಾರ್ಥಿಗಳಿಗೆ ಒಂದು ತಿಂಗಳು ಕಡಿಮೆ ಫೀಸ್‌ನಲ್ಲಿ ಕಲಿಸಿ. ತಿಂಗಳ ಕೊನೆಗೆ "ಮೊದಲು ಯಾವುದು ಬರ್ತಿರಲಿಲ್ಲ, ಈಗ ಯಾವುದು ಬರ್ತದೆ?" ಅಂತ ಕೇಳಿ, ಅದನ್ನೇ ಬರೆಯಲು ಹೇಳಿ. "ಟ್ರಿಗನಾಮೆಟ್ರಿ ಬಿಟ್ಟುಬಿಟ್ಟಿದ್ದೆ, ಈಗ ಎತ್ತರ ಮತ್ತು ದೂರದ ಲೆಕ್ಕ ನಾನೇ ಮಾಡ್ತೇನೆ" ಅನ್ನುವ ಒಂದು ಸಾಲು ಇಪ್ಪತ್ತು ಸ್ಟಾರ್‌ಗಳಿಗಿಂತ ಜಾಸ್ತಿ ಕೆಲಸ ಮಾಡುತ್ತದೆ. ಮಕ್ಕಳದ್ದಾದರೆ ಪೋಷಕರನ್ನು ಕೇಳಿ, ಮಗುವಿನ ಪೂರ್ತಿ ಹೆಸರು ಹಾಕಬೇಡಿ.

ಶಾಲೆಯಲ್ಲಿ ಕೆಲಸದಲ್ಲಿರುವ ಶಿಕ್ಷಕರಿಗೆ ಒಂದು ಎಚ್ಚರಿಕೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡುವಂತಿಲ್ಲ. ಆನ್‌ಲೈನ್ ಅಂದ ಮಾತ್ರಕ್ಕೆ ಅದು ಬದಲಾಗುವುದಿಲ್ಲ. ತೆರಿಗೆ ವಿಷಯದಲ್ಲಿ ಹೇಳಬೇಕಾದದ್ದು ಕಡಿಮೆ. ಸೇವೆಯಿಂದ ಬರುವ ವಹಿವಾಟು ವರ್ಷಕ್ಕೆ 20 ಲಕ್ಷ ರೂಪಾಯಿ ದಾಟದಿದ್ದರೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಾಗುವುದಿಲ್ಲ. ಬಂದ ಹಣದ ಲೆಕ್ಕ ಮಾತ್ರ ಮೊದಲ ದಿನದಿಂದ ಬರೆದಿಡಿ.

ಹೆಣ್ಣುಮಕ್ಕಳು ಪ್ರೊಫೈಲ್ ಮಾಡಲು ಹಿಂಜರಿಯುವುದು ಫೋಟೋ ಮತ್ತು ಫೋನ್ ನಂಬರ್ ಕಾರಣಕ್ಕೆ. ಆ ಭಯ ಸರಿಯಾದದ್ದೇ. ಮನೆಯ ನಂಬರ್ ಹಾಕಬೇಡಿ, ಕ್ಲಾಸ್‌ಗೆಂದೇ ಬೇರೆ ಸಿಮ್ ಇಟ್ಟುಕೊಳ್ಳಿ. ತಾಣದೊಳಗೇ ಮೆಸೇಜ್ ಮಾಡುವ ವ್ಯವಸ್ಥೆ ಇದ್ದರೆ ಅದನ್ನೇ ಬಳಸಿ. ಚಿಕ್ಕ ಮಕ್ಕಳ ಕ್ಲಾಸ್‌ಗೆ ಪೋಷಕರು ಜೊತೆಗಿರಲಿ ಅಂತ ಬರೆದರೆ ನಿಮಗೂ ರಕ್ಷಣೆ, ಅವರಿಗೂ ಧೈರ್ಯ. ಇನ್ನು "ಆನ್‌ಲೈನ್ ಟೀಚರ್ ಕೆಲಸ ಇದೆ, ಮೊದಲು ನೋಂದಣಿ ಶುಲ್ಕ ಕಟ್ಟಿ" ಅಂತ ಬರುವ ಮೆಸೇಜ್‌ಗಳಿಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ಹಣ ಹೋಗಿದ್ದರೆ ತಡ ಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಕೊನೆಗೆ, ಮೊದಲ ಮೆಸೇಜ್ ಬಂದಾಗ ಏನು ಮಾಡಬೇಕು? "ಸರ, ಫೀಸ್ ಎಷ್ಟ್ರೀ?" ಅನ್ನುವ ಪ್ರಶ್ನೆಗೆ ಬರೀ ಸಂಖ್ಯೆ ಕಳಿಸಿದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಎರಡು ದಿನ ಬಿಟ್ಟು ಉತ್ತರಿಸಿದರೆ ಅವರು ಆಗಲೇ ಬೇರೆಯವರ ಹತ್ತಿರ ಹೋಗಿರುತ್ತಾರೆ. ಅದೇ ದಿನ ಉತ್ತರಿಸಿ. ಫೀಸ್ ಹೇಳಿ, ಅದನ್ನು ಮುಚ್ಚಿಡಬೇಡಿ. ಜೊತೆಗೇ ಕೇಳಿ: ಮಗು ಯಾವ ತರಗತಿ, ಯಾವ ಮಾಧ್ಯಮ, ಯಾವ ಪಾಠದಲ್ಲಿ ತೊಂದರೆ, ಪರೀಕ್ಷೆ ಯಾವಾಗ? ಹಿಂದಿನ ಪರೀಕ್ಷೆಯ ಉತ್ತರಪತ್ರಿಕೆಯ ಒಂದು ಪುಟದ ಫೋಟೋ ಕಳಿಸಲು ಹೇಳಿ. ಅದನ್ನು ನೋಡಿ ಮಗು ಎಲ್ಲಿ ತಪ್ಪುತ್ತಿದೆ ಅಂತ ಎರಡು ಸಾಲು ಬರೆದು ಕಳಿಸಿ. ಇಪ್ಪತ್ತು ನಿಮಿಷದ ಡೆಮೊ ಆ ಪುಟದಿಂದಲೇ ಶುರುವಾಗಲಿ.